ಆರಂಕಿಯ ಕೋಡ್ ಸುಲಭ, ಅದನ್ನು ಕೈಗೆ ಕೊಡುವುದೇ ಕೆಲಸ

ಹುಬ್ಬಳ್ಳಿಯಲ್ಲಿ ಸಣ್ಣ ಮತ್ತು ಮಧ್ಯಮ ಕಂಪನಿಗಳ ಐಟಿ ಸಿಬ್ಬಂದಿ ಹಾಗೂ ಮಾಲೀಕರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ.

ಗೋಕುಲ ರೋಡಿನ ವರ್ಕ್‌ಶಾಪ್‌ಗಳಲ್ಲಿ ಲೆಕ್ಕಪತ್ರ ನೋಡುವವರು ಇಲ್ಲಿದ್ದೀರಿ. ತಾರಿಹಾಳದ ಫ್ಯಾಕ್ಟರಿಗಳಿಂದ ಬಂದವರಿದ್ದೀರಿ. ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದವರೂ ಇದ್ದೀರಿ. ನಿಮ್ಮೆಲ್ಲರ ಕಂಪನಿಯಲ್ಲೂ ಒಂದು ಸರ್ವರ್ ಇದೆ. ಅದರಲ್ಲಿ ಟ್ಯಾಲಿ ಇರಬಹುದು, ಇಡೀ ವ್ಯವಹಾರ ನೋಡಿಕೊಳ್ಳುವ ಇಆರ್‌ಪಿ ಸಾಫ್ಟ್‌ವೇರ್ ಇರಬಹುದು, ಮಷಿನ್ ಡ್ರಾಯಿಂಗ್‌ಗಳಿರಬಹುದು. 2020ರಲ್ಲಿ ಲಾಕ್‌ಡೌನ್ ಬಂದಾಗ ಗಡಿಬಿಡಿಯಲ್ಲಿ ಒಂದು ವಿಪಿಎನ್, ಅಂದರೆ ಹೊರಗಿನಿಂದ ಆಫೀಸಿನ ನೆಟ್‌ವರ್ಕ್ ಒಳಗೆ ಬರುವ ಖಾಸಗಿ ದಾರಿ, ಹಾಕಿಸಿಕೊಂಡಿರಿ. ಮನೆಯಲ್ಲಿ ಕುಳಿತವರಿಗೆ ಆಫೀಸಿನ ಸರ್ವರ್ ಸಿಗಬೇಕಿತ್ತು. ಆಗ ಇಟ್ಟ ಪಾಸ್‌ವರ್ಡ್ ಇವತ್ತಿಗೂ ಹಾಗೇ ಇದೆ, ಅಲ್ವಾ? ನಗುತ್ತಿದ್ದೀರಿ ಅಂದರೆ ಹೌದು ಅಂತಲೇ.

ಆ ವಿಪಿಎನ್‌ಗೆ ಪಾಸ್‌ವರ್ಡ್ ಜೊತೆ ಸಾಫ್ಟ್ ಟೋಕನ್, ಅಂದರೆ ಫೋನಿನ ಆ್ಯಪ್ ತೋರಿಸುವ, ಆಗಾಗ ಬದಲಾಗುವ ಕೋಡ್, ಸೇರಿಸುವುದು ಹೇಗೆ ಅನ್ನುವುದು ಇವತ್ತಿನ ವಿಷಯ. ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಸಾಫ್ಟ್‌ವೇರ್ ಹಾಕುವುದು ಒಂದು ಮಧ್ಯಾಹ್ನದ ಕೆಲಸ. ಟೋಕನ್ನನ್ನು ಸರಿಯಾದ ಮನುಷ್ಯನ ಕೈಗೆ ಕೊಡುವುದು, ಫೋನ್ ಕಳೆದಾಗ ಮತ್ತೆ ಅದೇ ಮನುಷ್ಯನ ಕೈಗೆ ಕೊಡುವುದು, ಇದೇ ನಿಜವಾದ ಕೆಲಸ. ಹೆಚ್ಚಿನ ಕಡೆ ಎಡವುವುದೂ ಅಲ್ಲೇ.

ಪಾಸ್‌ವರ್ಡ್ ಒಂದೇ ಯಾಕೆ ಸಾಲದು ಅನ್ನುವುದಕ್ಕೆ ಜಾಸ್ತಿ ಹೊತ್ತು ಕಳೆಯುವುದಿಲ್ಲ. 2021ರ ಮೇ ತಿಂಗಳಲ್ಲಿ ಅಮೆರಿಕದ ಕೊಲೊನಿಯಲ್ ಪೈಪ್‌ಲೈನ್ ಕಂಪನಿ ತನ್ನ ಇಂಧನದ ಕೊಳವೆ ಮಾರ್ಗವನ್ನೇ ಕೆಲವು ದಿನ ನಿಲ್ಲಿಸಬೇಕಾಯಿತು. ಪೂರ್ವ ಕರಾವಳಿಯ ಎಷ್ಟೋ ಪೆಟ್ರೋಲ್ ಬಂಕ್‌ಗಳು ಖಾಲಿಯಾದವು. ಕಂಪನಿ 75 ಬಿಟ್‌ಕಾಯಿನ್, ಆಗಿನ ಲೆಕ್ಕದಲ್ಲಿ ಸುಮಾರು 44 ಲಕ್ಷ ಡಾಲರ್ ಕೊಟ್ಟಿತು. ಕಳ್ಳರು ಒಳಗೆ ಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ಒಂದು ಹಳೆಯ ವಿಪಿಎನ್ ಖಾತೆಯಿಂದ. ಆ ಖಾತೆಗೆ ಎರಡನೇ ಹಂತದ ತಪಾಸಣೆ ಇರಲಿಲ್ಲ. ಪಾಸ್‌ವರ್ಡ್ ಸುಲಭದ್ದೇನಲ್ಲ, ಕಷ್ಟದ್ದೇ ಎಂದು ಕಂಪನಿಯ ಮುಖ್ಯಸ್ಥರು ಸೆನೆಟ್ ಮುಂದೆ ಹೇಳಿದರು. ಕಷ್ಟದ್ದಾದರೇನು, ಅದು ಬೇರೆಯವರ ಕೈಗೆ ಸಿಕ್ಕಾಗಿತ್ತು.

ಹಾಗಾಗಿ ಮೊದಲ ಕೆಲಸ ಟೋಕನ್ ಅಲ್ಲ, ಪಟ್ಟಿ. ನಿಮ್ಮ ವಿಪಿಎನ್ ಒಳಗೆ ಯಾರು ಯಾರು ಬರಬಹುದು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಸಿಬ್ಬಂದಿಯ ಹೆಸರು ಬೇಗ ಬರೆದು ಮುಗಿಸುತ್ತೀರಿ. ಆಮೇಲೆ ನೆನಪಾಗುತ್ತದೆ, ಆಡಿಟ್‌ಗೆ ಬರುವ ಸಿಎ ಆಫೀಸಿನ ಹುಡುಗರಿಗೆ ಒಂದು ಲಾಗಿನ್ ಕೊಟ್ಟಿದ್ದೇವೆ. ಸಿಎನ್‌ಸಿ ಮಷಿನ್ ಮಾರಿದವರ ಎಂಜಿನಿಯರ್ ಪುಣೆಯಿಂದಲೋ ಕೊಯಮತ್ತೂರಿನಿಂದಲೋ ಕನೆಕ್ಟ್ ಆಗುತ್ತಾನೆ. ಇಆರ್‌ಪಿ ಹಾಕಿದವರಿಗೆ ಒಂದು. 'ಟೆಸ್ಟ್' ಅಂತ ಒಂದು. 'ಟೆಸ್ಟ್2' ಅಂತ ಇನ್ನೊಂದು. ಕೆಲಸ ಬಿಟ್ಟು ಹೋದವರದ್ದು ನಾಲ್ಕಾರು. ಟೋಕನ್ ಕೊಡುವ ಮೊದಲು ಇವನ್ನೆಲ್ಲ ತೆಗೆಯಿರಿ. ಎಲ್ಲರಿಗೂ ಟೋಕನ್ ಹಾಕಿ ಒಂದು ಖಾತೆಯನ್ನು ಸುಮ್ನೆ ಬಿಟ್ಟರೆ, ಬರುವವನು ಆ ಒಂದರಿಂದಲೇ ಬರುತ್ತಾನೆ.

ಈಗ ಟೋಕನ್ ಅಂದರೇನು ನೋಡೋಣ. ದೊಡ್ಡ ಕಂಪನಿಗಳಲ್ಲಿ ಕೆಲಸ ಮಾಡಿದವರು ಕೀ ಚೈನ್‌ಗೆ ತೂಗುಹಾಕುವ ಆ ಚಿಕ್ಕ ಡಬ್ಬಿ ನೋಡಿರುತ್ತೀರಿ. ಪರದೆಯ ಮೇಲೆ ಅಂಕಿಗಳು ನಿಮಿಷಕ್ಕೊಮ್ಮೆ ಬದಲಾಗುತ್ತವೆ. ಆರ್‌ಎಸ್‌ಎ ಸೆಕ್ಯುರ್‌ಐಡಿ ಅದರಲ್ಲಿ ಹೆಸರುವಾಸಿ. ಅದೇ ಕೆಲಸವನ್ನು ಫೋನಿನ ಆ್ಯಪ್ ಮಾಡಿದರೆ ಅದು ಸಾಫ್ಟ್ ಟೋಕನ್. ಡಬ್ಬಿ ಕೊಳ್ಳುವ ಖರ್ಚಿಲ್ಲ, ಕೊರಿಯರ್ ಇಲ್ಲ, ಬ್ಯಾಟರಿ ಮುಗಿಯಿತು ಅನ್ನುವ ರಗಳೆ ಇಲ್ಲ.

ಗೂಗಲ್ ಅಥೆಂಟಿಕೇಟರ್, ಮೈಕ್ರೋಸಾಫ್ಟ್ ಅಥೆಂಟಿಕೇಟರ್, ಫ್ರೀಓಟಿಪಿ ಇವೆಲ್ಲ ಲೆಕ್ಕ ಮಾಡುವ ರೀತಿ ಒಂದೇ. ಅದಕ್ಕೆ ಟಿಒಟಿಪಿ, ಅಂದರೆ ಸಮಯದ ಲೆಕ್ಕದಲ್ಲಿ ಬದಲಾಗುವ ಒಂದೇ ಸಲದ ಪಾಸ್‌ವರ್ಡ್, ಅನ್ನುತ್ತಾರೆ. 2011ರಲ್ಲಿ ಆರ್‌ಎಫ್‌ಸಿ 6238 ಅಂತ ಪ್ರಕಟವಾಯಿತು. ಆರ್‌ಎಫ್‌ಸಿ ಅಂದರೆ ಇಂಟರ್‌ನೆಟ್ ಪದ್ಧತಿಗಳನ್ನು ಬರೆದಿಡುವ ದಾಖಲೆ. ಲೆಕ್ಕ ಹೀಗಿದೆ. ನಿಮ್ಮ ಫೋನಿನಲ್ಲಿ ಒಂದು ರಹಸ್ಯ ಸಂಖ್ಯೆ ಇದೆ, ಅದನ್ನು ಸೀಡ್ ಅನ್ನೋಣ. ಅದೇ ಸೀಡ್ ಸರ್ವರ್‌ನಲ್ಲೂ ಇದೆ. 1970ರ ಜನವರಿ 1ರಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡ್ ಆಯಿತು ಅಂತ ಎರಡೂ ಕಡೆ ಎಣಿಸುತ್ತಾರೆ. ಅದನ್ನು 30ರಿಂದ ಭಾಗಿಸುತ್ತಾರೆ. ಬಂದ ಸಂಖ್ಯೆಯನ್ನೂ ಸೀಡನ್ನೂ ಸೇರಿಸಿ ಒಂದು ಹ್ಯಾಶ್, ಅಂದರೆ ಹಿಂದಕ್ಕೆ ಬಿಡಿಸಲಾಗದ ಲೆಕ್ಕ, ಮಾಡುತ್ತಾರೆ. ಅದರಲ್ಲಿ ಒಂದು ತುಂಡು ತೆಗೆದು ಕೊನೆಯ ಆರು ಅಂಕಿ ಇಟ್ಟುಕೊಳ್ಳುತ್ತಾರೆ. ಅಷ್ಟೇ. ಎರಡೂ ಕಡೆ ಒಂದೇ ಆರಂಕಿ ಬಂದರೆ ಒಳಗೆ ಬಿಡುತ್ತಾರೆ.

ಇದರಲ್ಲಿ ಗಮನಿಸಬೇಕಾದದ್ದು ಒಂದಿದೆ. ಫೋನ್ ಮತ್ತು ಸರ್ವರ್ ಆ ಹೊತ್ತಿನಲ್ಲಿ ಒಂದಕ್ಕೊಂದು ಮಾತನಾಡುವುದೇ ಇಲ್ಲ. ಬ್ಯಾಂಕಿನ ಓಟಿಪಿ ಎಸ್‌ಎಂಎಸ್ ಆಗಿ ಬರುತ್ತದಲ್ಲ, ಹಾಗಲ್ಲ ಇದು. ಫೋನಿಗೆ ಸಿಗ್ನಲ್ ಬೇಕಿಲ್ಲ, ಸಿಮ್ ಕೂಡ ಬೇಕಿಲ್ಲ. ಕಲಘಟಗಿ ಆಚೆ ಕೆಲವು ಹಳ್ಳಿಗಳಲ್ಲಿ ಮನೆಯೊಳಗೆ ಟವರ್ ಸಿಗುವುದಿಲ್ಲ, ಆದರೆ ಕೇಬಲ್‌ನವರ ಬ್ರಾಡ್‌ಬ್ಯಾಂಡ್ ಇರುತ್ತದೆ. ಅಲ್ಲಿ ಕುಳಿತವರಿಗೆ ಎಸ್‌ಎಂಎಸ್ ಓಟಿಪಿ ಇಟ್ಟರೆ ಅವರು ಮಾಳಿಗೆ ಹತ್ತಬೇಕು, ಇಳಿದು ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಟಿಒಟಿಪಿಯಲ್ಲಿ ಆ ತಾಪತ್ರಯ ಇಲ್ಲ. ಎಸ್‌ಎಂಎಸ್‌ಗೆ ಸಿಮ್ ಸ್ವಾಪ್ ಕಾಟವೂ ಇದೆ, ಕಳ್ಳ ನಿಮ್ಮ ನಂಬರನ್ನೇ ತನ್ನ ಸಿಮ್‌ಗೆ ಹಾಕಿಸಿಕೊಳ್ಳುತ್ತಾನೆ. ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿ 2017ರಲ್ಲೇ ತನ್ನ ಮಾರ್ಗಸೂಚಿಯಲ್ಲಿ ಎಸ್‌ಎಂಎಸ್ ಕೋಡನ್ನು 'ನಿರ್ಬಂಧಿತ' ಪಟ್ಟಿಗೆ ಹಾಕಿತು. ನಿಮ್ಮ ವಿಪಿಎನ್ ಮಾರುವವರು ಎಸ್‌ಎಂಎಸ್ ಪ್ಯಾಕ್ ಜೊತೆಗೆ ಕೊಡುತ್ತೇನೆ ಅಂದರೆ, ಬೇಡ ಅನ್ನಿ.

ಆದರೆ ಈ ಲೆಕ್ಕ ಗಡಿಯಾರದ ಮೇಲೆ ನಿಂತಿದೆ. ಅದಕ್ಕೇ ಮೊದಲ ವಾರದ ಫೋನ್ ಕರೆಗಳೆಲ್ಲ ಗಡಿಯಾರದ್ದೇ. ನಮ್ಮ ಕಡೆಯ ಕರೆ ಹೀಗಿರುತ್ತದೆ: "ಸರ, ಕೋಡ್ ಬರೋಬ್ಬರಿ ಹಾಕೀನ್ರಿ, ಒಳಗ ಬಿಡವಲ್ದು." ಕೇಳಿದರೆ ಫೋನಿನ ಟೈಮ್ ಹತ್ತು ನಿಮಿಷ ಮುಂದಿದೆ. "ಅದು ನಾನಽ ಮುಂದ ಇಟ್ಟೇನ್ರಿ, ಧಾರವಾಡ ಬಸ್ ತಪ್ಪಬಾರ್ದಂತ." ಬಸ್ ತಪ್ಪುವುದಿಲ್ಲ, ವಿಪಿಎನ್ ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ಟೈಮ್ ಆನ್ ಮಾಡಿಸಿ, ಮುಗಿಯಿತು.

ಇದಕ್ಕಿಂತ ಸ್ವಲ್ಪ ಜಾಣತನ ಬೇಡುವ ತೊಂದರೆ ಇನ್ನೊಂದಿದೆ. ಒಬ್ಬರು ದುಬೈನಿಂದ ಬಂದಿರುತ್ತಾರೆ. ಫೋನಿನ ಟೈಮ್ ಝೋನ್ ದುಬೈಯದ್ದೇ ಉಳಿದಿದೆ. ಅವರು ಗಡಿಯಾರವನ್ನು ಕೈಯಿಂದ ಒಂದೂವರೆ ಗಂಟೆ ಮುಂದೆ ತಿರುಗಿಸಿದ್ದಾರೆ. ಪರದೆ ಮೇಲೆ ಟೈಮ್ ಸರಿ ಕಾಣುತ್ತದೆ, ಗೋಡೆ ಗಡಿಯಾರಕ್ಕೂ ಹೊಂದುತ್ತದೆ. ಆದರೆ ಕೋಡ್ ತಪ್ಪು. ಯಾಕಂದರೆ ಲೆಕ್ಕ ನಡೆಯುವುದು ಯುಟಿಸಿಯಲ್ಲಿ, ಅಂದರೆ ಇಡೀ ಜಗತ್ತಿಗೆ ಒಂದೇ ಆದ ಸಮಯದಲ್ಲಿ, ಫೋನಿನ ಒಳಗಿನ ಯುಟಿಸಿ ಈಗ ಒಂದೂವರೆ ಗಂಟೆ ಮುಂದೆ ಹೋಗಿದೆ. ಇಂಥದ್ದು ಬಂದಾಗ ಟೈಮ್ ಕೇಳಬೇಡಿ, ಟೈಮ್ ಝೋನ್ ಕೇಳಿ.

ಒಬ್ಬರಿಗೆ ಮಾತ್ರ ಕೋಡ್ ನಡೆಯುತ್ತಿಲ್ಲ ಅಂದರೆ ಅವರ ಫೋನ್ ನೋಡಿ. ಬೆಳಿಗ್ಗೆ ಬೆಳಿಗ್ಗೆ ಎಲ್ಲರಿಗೂ ನಡೆಯುತ್ತಿಲ್ಲ ಅಂದರೆ ನಿಮ್ಮ ಸರ್ವರ್ ಗಡಿಯಾರ ನೋಡಿ. ರಾತ್ರಿ ಕರೆಂಟ್ ಹೋಗಿರುತ್ತದೆ, ಯುಪಿಎಸ್ ಕೈಕೊಟ್ಟಿರುತ್ತದೆ, ಹಳೆಯ ಸರ್ವರ್‌ನ ಮದರ್‌ಬೋರ್ಡ್ ಬ್ಯಾಟರಿ ಸತ್ತಿರುತ್ತದೆ. ಸರ್ವರ್ ಏಳುವಾಗ ಯಾವುದೋ ಹಳೆಯ ತಾರೀಖಿಗೆ ಏಳುತ್ತದೆ. ಅದು ಇನ್ನೊಂದು ಕಂಪ್ಯೂಟರ್ ಒಳಗೆ ನಡೆಯುವ ವರ್ಚುವಲ್ ಮಷಿನ್ ಆಗಿದ್ದರೆ ತನ್ನ ಹೋಸ್ಟ್‌ನಿಂದ ಆ ತಪ್ಪು ಟೈಮನ್ನೇ ಎತ್ತಿಕೊಳ್ಳುತ್ತದೆ. ಎನ್‌ಟಿಪಿ ಹಾಕಿ, ಅದು ನೆಟ್‌ವರ್ಕ್‌ನಿಂದ ಸರಿಯಾದ ಟೈಮ್ ತಂದು ಗಡಿಯಾರ ಹೊಂದಿಸುತ್ತದೆ. ಇದು ಹೇಗೂ ನೀವು ಮಾಡಬೇಕಾದದ್ದೇ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ, ಕಂಪನಿಗಳು ತಮ್ಮ ಸಿಸ್ಟಮ್ ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಅನ್ನುವ ಸರ್ಕಾರಿ ಸಂಸ್ಥೆಗಳ ಎನ್‌ಟಿಪಿ ಸರ್ವರ್‌ಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡ ಸರ್ವರ್‌ಗೆ ಜೋಡಿಸಬೇಕು ಎಂದು ಹೇಳಿದೆ. ಲಾಗ್‌ಗಳನ್ನು 180 ದಿನ ಇಡಬೇಕು, ಪಟ್ಟಿ ಮಾಡಿದ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಅನ್ನುವುದೂ ಅದರಲ್ಲೇ ಇದೆ. ಸಣ್ಣ ಕಂಪನಿ ಅಂತ ವಿನಾಯಿತಿ ಇದೆ ಅಂದುಕೊಳ್ಳಬೇಡಿ.

ಸರ್ವರ್ ಒಂದು ಹೆಜ್ಜೆ, ಅಂದರೆ 30 ಸೆಕೆಂಡ್, ಹಿಂದಿನ, ಒಂದು ಹೆಜ್ಜೆ ಮುಂದಿನ ಕೋಡನ್ನೂ ಒಪ್ಪುವಂತೆ ಇಡುವ ರೂಢಿ ಇದೆ. ಅಂದರೆ ಒಂದೇ ಹೊತ್ತಿಗೆ ಮೂರು ಕೋಡ್ ನಡೆಯುತ್ತವೆ. ಅಷ್ಟು ಸಾಕು. ದೂರು ಬಂತು ಅಂತ ಈ ಕಿಟಕಿಯನ್ನು ಹತ್ತು ಹೆಜ್ಜೆಗೆ ಅಗಲ ಮಾಡಬೇಡಿ. ಆರಂಕಿಯಲ್ಲಿ ಹತ್ತು ಲಕ್ಷ ಸಾಧ್ಯತೆ. ಮೂರು ಕೋಡ್ ನಡೆದರೆ ಕುರುಡಾಗಿ ಹೊಡೆದವನಿಗೆ ಹತ್ತು ಲಕ್ಷದಲ್ಲಿ ಮೂರು ಅವಕಾಶ. ಕಡಿಮೆ ಅನ್ನಿಸುತ್ತದೆ. ಆದರೆ ಎಷ್ಟು ಸಲ ಬೇಕಾದರೂ ಹೊಡೆಯಲು ಬಿಟ್ಟರೆ? 2024ರ ಡಿಸೆಂಬರ್‌ನಲ್ಲಿ ಓಯಸಿಸ್ ಸೆಕ್ಯುರಿಟಿ ಅನ್ನುವ ಸಂಸ್ಥೆ, ಮೈಕ್ರೋಸಾಫ್ಟ್‌ನ ಲಾಗಿನ್‌ನಲ್ಲಿ ಕೋಡ್ ಪ್ರಯತ್ನಗಳಿಗೆ ಸರಿಯಾದ ತಡೆ ಇರಲಿಲ್ಲ, ಕೋಡ್ ಮೂರು ನಿಮಿಷದವರೆಗೂ ನಡೆಯುತ್ತಿತ್ತು ಎಂದು ತೋರಿಸಿತು. ಮೈಕ್ರೋಸಾಫ್ಟ್ ಅಷ್ಟರಲ್ಲಿ ಅದನ್ನು ಸರಿಪಡಿಸಿತ್ತು. ಅಂಥ ದೊಡ್ಡವರಿಗೇ ಹಾಗಾದರೆ ನಮ್ಮ ವಿಪಿಎನ್ ಪೆಟ್ಟಿಗೆ ಯಾವ ಲೆಕ್ಕ? ಐದಾರು ಸಲ ತಪ್ಪಾದರೆ ಖಾತೆ ಲಾಕ್ ಆಗಲಿ. ಒಂದು ಸಲ ನಡೆದ ಕೋಡ್ ಅದೇ 30 ಸೆಕೆಂಡಿನಲ್ಲಿ ಎರಡನೇ ಸಲ ನಡೆಯಬಾರದು. ಇದನ್ನು ಆರ್‌ಎಫ್‌ಸಿಯೇ ಹೇಳಿದೆ, ಆದರೆ ನಿಮ್ಮ ಸರ್ವರ್ ಪಾಲಿಸುತ್ತದೆಯೇ ಅಂತ ನೀವೇ ಪರೀಕ್ಷೆ ಮಾಡಿ. ಒಂದು ಕೋಡ್ ಹಾಕಿ ಒಳಗೆ ಹೋಗಿ, ಹೊರಗೆ ಬಂದು ತಕ್ಷಣ ಅದನ್ನೇ ಮತ್ತೆ ಹಾಕಿ. ಬಿಟ್ಟರೆ ಅದು ಸರಿಯಿಲ್ಲ.

ಈಗ ಜೋಡಣೆಗೆ ಬರೋಣ. ಸಾಮಾನ್ಯವಾಗಿ ಮೂರು ತುಂಡು ಇರುತ್ತವೆ. ಫೈರ್‌ವಾಲ್ ಅಥವಾ ವಿಪಿಎನ್ ಪೆಟ್ಟಿಗೆ ಒಂದು. ಪಾಸ್‌ವರ್ಡ್ ಇರುವ ಆ್ಯಕ್ಟಿವ್ ಡೈರೆಕ್ಟರಿ, ಅಂದರೆ ವಿಂಡೋಸ್ ಬಳಕೆದಾರರ ಪಟ್ಟಿ, ಒಂದು. ಸೀಡ್‌ಗಳನ್ನು ಇಟ್ಟುಕೊಂಡ ಟೋಕನ್ ಸರ್ವರ್ ಒಂದು. ದುಡ್ಡು ಕೊಟ್ಟು ತರುವ ಸರ್ವರ್‌ಗಳಿವೆ. ಪ್ರೈವಸಿಐಡಿಯಾದಂಥ ಓಪನ್ ಸೋರ್ಸ್ ಕೂಡ ಇದೆ, ಫ್ರೀರೇಡಿಯಸ್ ಜೊತೆ ಸೇರಿಸಿ ನಡೆಸಬಹುದು. ಪೆಟ್ಟಿಗೆಯೂ ಸರ್ವರೂ ಮಾತನಾಡುವ ಭಾಷೆ ರೇಡಿಯಸ್, ಯುಡಿಪಿ ಪೋರ್ಟ್ 1812. ಹಳೆಯ ಪೆಟ್ಟಿಗೆಗಳು 1645 ಅಂತ ಹಿಡಿದುಕೊಂಡಿರುತ್ತವೆ, ಅದನ್ನು ಬದಲಿಸಿ.

ರೇಡಿಯಸ್ ಹಳೆಯದು. 2000ನೇ ಇಸವಿಯ ಆರ್‌ಎಫ್‌ಸಿ 2865ರಲ್ಲಿ ಬರೆದದ್ದನ್ನೇ ಇವತ್ತಿಗೂ ಬಳಸುತ್ತೇವೆ. ಒಳಗೆ ಎಂಡಿ5 ಅನ್ನುವ ಹಳೆಯ, ದುರ್ಬಲ ಹ್ಯಾಶ್ ಕೂತಿದೆ. 2024ರ ಜುಲೈನಲ್ಲಿ ಬ್ಲಾಸ್ಟ್‌ರೇಡಿಯಸ್ ಅನ್ನುವ ದಾಳಿ ಪ್ರಕಟವಾಯಿತು. ದಾರಿ ಮಧ್ಯೆ ಕೂತವನು 'ಬೇಡ' ಅನ್ನುವ ಉತ್ತರವನ್ನು 'ಬಿಡು' ಅಂತ ಬದಲಿಸಬಹುದು ಅಂತ ತೋರಿಸಿದರು. ಹಾಗಾಗಿ ಈ ಮಾತುಕತೆ ಒಳಗಿನ ನೆಟ್‌ವರ್ಕ್‌ನಲ್ಲೇ ನಡೆಯಲಿ, ಇಂಟರ್‌ನೆಟ್ ಮೇಲೆ ಬರಿದಾಗಿ ಹೋಗಬಾರದು. ಸಂದೇಶವನ್ನು ಯಾರೂ ತಿದ್ದಿಲ್ಲ ಅಂತ ತೋರಿಸುವ ಮೆಸೇಜ್-ಅಥೆಂಟಿಕೇಟರ್ ಎರಡೂ ಕಡೆ ಕಡ್ಡಾಯ ಮಾಡಿ. ಪೆಟ್ಟಿಗೆಗೂ ಸರ್ವರ್‌ಗೂ ಹಾಕುವ ಗುಟ್ಟಿನ ಪದ, ಅಂದರೆ ಶೇರ್ಡ್ ಸೀಕ್ರೆಟ್, ಉದ್ದ ಇರಲಿ. ಎಷ್ಟೋ ಕಡೆ ಅದು ಇನ್ನೂ 'ಟೆಸ್ಟಿಂಗ್123' ಇರುತ್ತದೆ, ಅದು ಫ್ರೀರೇಡಿಯಸ್ ಜೊತೆಗೇ ಬರುವ ಮಾದರಿ ಸೀಕ್ರೆಟ್, ಇಡೀ ಜಗತ್ತಿಗೆ ಗೊತ್ತು.

ಇಲ್ಲಿ ತುಂಬ ಜನರ ತಲೆ ತಿನ್ನುವ ತೊಂದರೆ ಒಂದಿದೆ. ವಿಪಿಎನ್ ಪೆಟ್ಟಿಗೆ ರೇಡಿಯಸ್ ಉತ್ತರಕ್ಕೆ ಕೆಲವೇ ಸೆಕೆಂಡ್ ಕಾಯುತ್ತದೆ. ಬಹಳ ಕಡೆ ಐದು ಸೆಕೆಂಡ್ ಇಟ್ಟಿರುತ್ತಾರೆ. ಉತ್ತರ ತಡವಾದರೆ ಅದೇ ಕೋಡನ್ನು ಎರಡನೇ ಸರ್ವರ್‌ಗೆ ಕಳಿಸುತ್ತದೆ. ಆದರೆ ಮೊದಲ ಸರ್ವರ್ ಅಷ್ಟರಲ್ಲಿ ಕೋಡನ್ನು ಒಪ್ಪಿ 'ಬಳಸಲಾಗಿದೆ' ಅಂತ ಗುರುತು ಮಾಡಿದೆ. ಎರಡನೆಯದು ನೋಡಿ, ಬಳಸಿದ ಕೋಡ್, ಆಗುವುದಿಲ್ಲ ಅನ್ನುತ್ತದೆ. ಬಳಕೆದಾರನಿಗೆ ಕಾಣುವುದು 'ಲಾಗಿನ್ ಫೇಲ್ಡ್' ಮಾತ್ರ. ಅವನು ಸರಿ ಕೋಡ್ ಹಾಕಿದ್ದಾನೆ, ಸರ್ವರ್ ಒಪ್ಪಿದೆ, ಆದರೂ ಒಳಗೆ ಬರಲಾಗುತ್ತಿಲ್ಲ. ಟೈಮ್‌ಔಟ್ ಜಾಸ್ತಿ ಮಾಡಿದರೆ ಇದು ಹೋಗುತ್ತದೆ. ಫೋನಿಗೆ 'ಅಪ್ರೂವ್' ಕೇಳುವ ಪುಶ್ ಇಟ್ಟರಂತೂ ಒಂದು ನಿಮಿಷವಾದರೂ ಬೇಕು. ಮನುಷ್ಯ ಫೋನ್ ಹುಡುಕಿ, ಲಾಕ್ ತೆಗೆದು, ಒತ್ತಬೇಕಲ್ಲ.

ಓಪನ್‌ವಿಪಿಎನ್ ಅನ್ನುವ ಸಾಫ್ಟ್‌ವೇರ್ ಬಳಸುವವರು ಕೈ ಎತ್ತಿ. ಸುಮಾರು ಜನ ಇದ್ದೀರಿ. ನಿಮಗೆ ಒಂದು ಗಂಟೆಯ ರೋಗ ಬರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕನೆಕ್ಟ್ ಆದವರು ಹನ್ನೊಂದಕ್ಕೆ ಸರಿಯಾಗಿ ಕಡಿದುಹೋಗುತ್ತಾರೆ. ಇಂಟರ್‌ನೆಟ್‌ನವರನ್ನು ಬೈಯಬೇಡಿ. ಓಪನ್‌ವಿಪಿಎನ್ 3600 ಸೆಕೆಂಡಿಗೊಮ್ಮೆ ಕೀ ಹೊಸದು ಮಾಡಿಕೊಳ್ಳುತ್ತದೆ, ಆಗ ಪಾಸ್‌ವರ್ಡನ್ನೂ ಮತ್ತೆ ಕಳಿಸುತ್ತದೆ. ಬರೀ ಪಾಸ್‌ವರ್ಡ್ ಇದ್ದಾಗ ಇದು ಗೊತ್ತೇ ಆಗುತ್ತಿರಲಿಲ್ಲ. ಈಗ ಬೆಳಗಿನ ಹಳೆಯ ಕೋಡ್ ಹೋಗುತ್ತದೆ, ಸರ್ವರ್ ತಳ್ಳುತ್ತದೆ. ಸರ್ವರ್ ಕಾನ್ಫಿಗ್‌ನಲ್ಲಿ 'ಆಥ್-ಜೆನ್-ಟೋಕನ್' ಹಾಕಿ. ಮೊದಲ ಸಲ ಒಳಗೆ ಬಂದಾಗ ಸರ್ವರ್ ಒಂದು ತಾತ್ಕಾಲಿಕ ಗುರುತು ಕೊಡುತ್ತದೆ, ಮುಂದಿನ ಸಲಗಳಲ್ಲಿ ಅದೇ ನಡೆಯುತ್ತದೆ. ಅದಕ್ಕೊಂದು ಅವಧಿ ಇಡಿ, ಒಂದು ಪಾಳಿಯಷ್ಟು. ಕೆಲವರು ಕೀ ಬದಲಾವಣೆಯನ್ನೇ ನಿಲ್ಲಿಸಿಬಿಡುತ್ತಾರೆ. ಅದು ರೋಗದ ಜೊತೆ ರೋಗಿಯನ್ನೂ ಕಳಿಸುವ ಮದ್ದು.

ಕೋಡನ್ನು ಎಲ್ಲಿ ಬರೆಯಿಸಬೇಕು? ಪಾಸ್‌ವರ್ಡ್ ಆದಮೇಲೆ ಪರದೆ ಮೇಲೆ ಇನ್ನೊಂದು ಖಾನೆ ಬಂದು ಕೋಡ್ ಕೇಳಿದರೆ ಒಳ್ಳೆಯದು. ಹಳೆಯ ಕ್ಲೈಂಟ್‌ಗಳಲ್ಲಿ, ಅಂದರೆ ವಿಪಿಎನ್‌ಗೆ ಕನೆಕ್ಟ್ ಮಾಡುವ ಸಾಫ್ಟ್‌ವೇರ್‌ಗಳಲ್ಲಿ, ಆ ಸೌಲಭ್ಯ ಇಲ್ಲದಿದ್ದರೆ ಪಾಸ್‌ವರ್ಡ್ ಹಿಂದೆಯೇ ಆರಂಕಿ ಅಂಟಿಸಿ ಬರೆಯಿಸುತ್ತಾರೆ. ನಡೆಯುತ್ತದೆ, ಆದರೆ ಜನ 'ಪಾಸ್‌ವರ್ಡ್ ನೆನಪಿಡು' ಅಂತ ಒತ್ತಿರುತ್ತಾರೆ, ನಾಳೆ ಅದು ಹಳೆಯ ಕೋಡನ್ನೇ ಕಳಿಸಿ ಖಾತೆ ಲಾಕ್ ಮಾಡುತ್ತದೆ. ವಿಂಡೋಸ್ ಒಳಗಿನ ವಿಪಿಎನ್‌ನಲ್ಲಿ ಎಂಎಸ್-ಚಾಪ್ ವಿ2 ಅನ್ನುವ ತಪಾಸಣೆ ಪದ್ಧತಿ ಇದ್ದರೆ ಅಂಟಿಸಿದ ಕೋಡ್ ನಡೆಯುವುದೇ ಇಲ್ಲ. ಅದು ಪಾಸ್‌ವರ್ಡನ್ನು ನೇರವಾಗಿ ಕಳಿಸುವುದಿಲ್ಲ, ಸರ್ವರ್‌ಗೆ ಬಿಡಿಸಿ ನೋಡಲು ಆಗುವುದಿಲ್ಲ. ಅದನ್ನು ಬಿಟ್ಟು ಬೇರೆ ಕ್ಲೈಂಟ್ ಹಾಕಿ.

ಇನ್ನು ನಾನು ಜಾಸ್ತಿ ಹೊತ್ತು ಹೇಳಬೇಕೆಂದಿದ್ದ ಭಾಗ. ಸೀಡ್ ಕೊಡುವುದು.

ಆ್ಯಪ್‌ನಲ್ಲಿ ನೀವು ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡ್ ಇದೆಯಲ್ಲ, ಅದರೊಳಗೆ ಸೀಡ್ ಹಾಗೇ ಬರೆದಿದೆ. ಮರೆಮಾಚಿಲ್ಲ, ಬೀಗ ಹಾಕಿಲ್ಲ. ಯಾರು ಸ್ಕ್ಯಾನ್ ಮಾಡಿದರೂ ಅದೇ ಟೋಕನ್ ಬರುತ್ತದೆ, ಹತ್ತು ಫೋನಿಗೆ ಹಾಕಿದರೆ ಹತ್ತರಲ್ಲೂ ಒಂದೇ ಕೋಡ್. ಈಗ ನಮ್ಮಲ್ಲಿ ಏನು ನಡೆಯುತ್ತದೆ? ಐಟಿಯವರು ಕ್ಯೂಆರ್ ಫೋಟೋ ತೆಗೆದು ವಾಟ್ಸ್ಆ್ಯಪ್ ಮಾಡುತ್ತಾರೆ. ಅದು ಕೀಲಿಕೈಯ ಅಚ್ಚನ್ನು ಸೋಪಿನ ಮೇಲೆ ಒತ್ತಿ ಕೊಟ್ಟ ಹಾಗೆ. ಫೋಟೋ ಗ್ಯಾಲರಿಯಲ್ಲಿ ಉಳಿಯುತ್ತದೆ, ಕ್ಲೌಡ್ ಬ್ಯಾಕಪ್‌ಗೆ ಹೋಗುತ್ತದೆ, ಮನೆಯ ಮಕ್ಕಳ ಟ್ಯಾಬ್‌ನಲ್ಲೂ ಕಾಣುತ್ತದೆ. ಇ-ಮೇಲ್ ಮಾಡಿದರೆ ಇನ್ನೂ ವಿಚಿತ್ರ. ಮೇಲ್ ಪಾಸ್‌ವರ್ಡ್ ಕದ್ದವನಿಗೆ ವಿಪಿಎನ್ ಪಾಸ್‌ವರ್ಡೂ ಅದೇ ಇರುತ್ತದೆ, ಈಗ ಟೋಕನ್ ಕೂಡ ಇನ್‌ಬಾಕ್ಸ್‌ನಲ್ಲೇ ಸಿಗುತ್ತದೆ. ಎರಡು ಹಂತ ಅಂತ ಹೆಸರು, ಇರುವುದು ಒಂದೇ.

ಸೀಡ್ ಕದ್ದರೆ ಏನಾಗುತ್ತದೆ ಅನ್ನುವುದಕ್ಕೆ ಉದಾಹರಣೆ ಆರ್‌ಎಸ್‌ಎಯದ್ದೇ. 2011ರ ಮಾರ್ಚ್‌ನಲ್ಲಿ ಆ ಕಂಪನಿಯ ಒಳಗೇ ಕಳ್ಳರು ಹೊಕ್ಕರು. ನೌಕರರಿಗೆ ಬಂದ ಒಂದು ಮೇಲ್, ಅದಕ್ಕೆ ಅಂಟಿಸಿದ ಎಕ್ಸೆಲ್ ಫೈಲ್, ಶುರುವಾದದ್ದು ಅಲ್ಲಿಂದ. ಸೆಕ್ಯುರ್‌ಐಡಿಗೆ ಸಂಬಂಧಿಸಿದ ಮಾಹಿತಿ ಹೊರಗೆ ಹೋಯಿತು. ಆ ಮಾಹಿತಿಯನ್ನು ಲಾಕ್‌ಹೀಡ್ ಮಾರ್ಟಿನ್ ಮೇಲಿನ ದಾಳಿಯಲ್ಲಿ ಬಳಸಲಾಗಿದೆ ಎಂದು ಜೂನ್‌ನಲ್ಲಿ ಆರ್‌ಎಸ್‌ಎ ಒಪ್ಪಿಕೊಂಡು ಗ್ರಾಹಕರಿಗೆ ಟೋಕನ್ ಬದಲಿಸಿಕೊಡಲು ಮುಂದಾಯಿತು. ಡಬ್ಬಿಗಳು ಜನರ ಜೇಬಿನಲ್ಲೇ ಇದ್ದವು, ಯಾರೂ ಮುಟ್ಟಿರಲಿಲ್ಲ. ಆದರೂ ಅವುಗಳ ಮೇಲೆ ನಂಬಿಕೆ ಹೋಯಿತು.

ಹಾಗಾದರೆ ಹೇಗೆ ಕೊಡಬೇಕು? ಹುಬ್ಬಳ್ಳಿ-ಧಾರವಾಡದಂಥ ಊರಲ್ಲಿ ನಮಗೊಂದು ಅನುಕೂಲ ಇದೆ. ಬಹಳಷ್ಟು ಜನ ವಾರಕ್ಕೊಮ್ಮೆಯಾದರೂ ಆಫೀಸಿಗೆ ಬರುತ್ತಾರೆ. ಒಂದು ಟೇಬಲ್ ಹಾಕಿ, ಒಬ್ಬೊಬ್ಬರನ್ನೇ ಕರೆಯಿರಿ. ಅವರು ತಮ್ಮ ಪಾಸ್‌ವರ್ಡ್ ಹಾಕಿ ಲಾಗಿನ್ ಆಗಲಿ, ಪರದೆ ಮೇಲೆ ಕ್ಯೂಆರ್ ಬರಲಿ, ಅಲ್ಲೇ ಸ್ಕ್ಯಾನ್ ಮಾಡಲಿ, ಬಂದ ಕೋಡ್ ಹಾಕಿ ಖಚಿತ ಮಾಡಲಿ. ಆಮೇಲೆ ಕ್ಯೂಆರ್ ಮತ್ತೆ ಯಾರಿಗೂ ಕಾಣಬಾರದು, ನಿಮಗೂ ಕೂಡ. ಆ ನೋಂದಣಿ ಪುಟ ಆಫೀಸಿನ ಒಳಗಿನಿಂದ ಮಾತ್ರ ತೆರೆಯಬೇಕು. ಹೊರಗಿನಿಂದ ತೆರೆಯುವಂತಿದ್ದರೆ, ಪಾಸ್‌ವರ್ಡ್ ಕದ್ದವನು ನಿಮ್ಮ ನೌಕರನಿಗಿಂತ ಮೊದಲೇ ಹೋಗಿ ತನ್ನ ಫೋನಿಗೆ ಟೋಕನ್ ಹಾಕಿಕೊಳ್ಳುತ್ತಾನೆ. ಟೋಕನ್ ನಮ್ಮದು, ಒಳಗೆ ಬರುವವನು ಅವನು.

ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತವರಿಗೆ ಹೇಗೆ? ಒಂದು ಸಲಕ್ಕೆ ಮಾತ್ರ ನಡೆಯುವ, ಬೇಗ ಮುಗಿಯುವ ಆ್ಯಕ್ಟಿವೇಶನ್ ಕೋಡ್ ಕೊಡಿ. ಲಿಂಕ್ ಮೇಲ್‌ನಲ್ಲಿ ಹೋಗಲಿ, ಕೋಡನ್ನು ವೀಡಿಯೋ ಕಾಲ್‌ನಲ್ಲಿ ಮುಖ ನೋಡಿ ಹೇಳಿ. ಆರ್‌ಎಸ್‌ಎ ಕಡೆಯವರು ಇದಕ್ಕಾಗಿಯೇ ಸಿಟಿ-ಕಿಪ್ ಅನ್ನುವ ಪದ್ಧತಿ ಮಾಡಿದರು, 2006ರಲ್ಲಿ ಆರ್‌ಎಫ್‌ಸಿ 4758 ಆಗಿ ಬಂತು. ಅದರಲ್ಲಿ ಸೀಡ್ ದಾರಿಯಲ್ಲಿ ಹೋಗುವುದೇ ಇಲ್ಲ. ಫೋನ್ ಒಂದು ಸಂಖ್ಯೆ ಕೊಡುತ್ತದೆ, ಸರ್ವರ್ ಒಂದು ಕೊಡುತ್ತದೆ, ಎರಡನ್ನೂ ಸೇರಿಸಿ ಎರಡೂ ಕಡೆ ಅದೇ ಸೀಡ್ ಹುಟ್ಟುತ್ತದೆ. ಸೌಲಭ್ಯ ಇದ್ದರೆ ಬಳಸಿ. ಸೀಡನ್ನು ಫೈಲ್ ಮಾಡಿ ಮೇಲ್‌ಗೆ ಹಚ್ಚಿ ಕಳಿಸುವ ಬೇರೆ ದಾರಿಯೂ ಆರ್‌ಎಸ್‌ಎ ಟೋಕನ್‌ಗಳಲ್ಲಿದೆ, ಅದು ಬೇಡ.

ಕೊಟ್ಟದ್ದು ಆಯಿತು. ಈಗ ದೀಪಾವಳಿ ಬರುತ್ತದೆ. ಪಾಡ್ಯದ ಮರುದಿನ ಅರ್ಧ ಆಫೀಸಿನವರ ಕೈಯಲ್ಲಿ ಹೊಸ ಫೋನ್. ಹಳೆಯದನ್ನು ಎಕ್ಸ್‌ಚೇಂಜ್‌ಗೆ ಕೊಟ್ಟಾಗಿದೆ. "ಟೋಕನ್ ಹೋತ್ರಿ, ಹೊಸಾದ್ ಕೊಡ್ರಿ" ಅಂತ ಕರೆ. ಇಲ್ಲಿಯೇ ನೀವು ಗಟ್ಟಿ ಇರಬೇಕು. ಯಾಕಂದರೆ ಕಳ್ಳನೂ ಇದೇ ಮಾತು ಹೇಳುತ್ತಾನೆ. ಸ್ಕ್ಯಾಟರ್ಡ್ ಸ್ಪೈಡರ್ ಅನ್ನುವ ಗುಂಪಿನ ಬಗ್ಗೆ ಅಮೆರಿಕದ ಎಫ್‌ಬಿಐ ಮತ್ತು ಅಲ್ಲಿನ ಸೈಬರ್ ಭದ್ರತಾ ಸಂಸ್ಥೆ ಸಿಸಾ 2023ರ ನವೆಂಬರ್‌ನಲ್ಲಿ ಎಚ್ಚರಿಕೆ ಹೊರಡಿಸಿದವು. ಅವರ ಕೆಲಸದ ರೀತಿ ಸರಳ. ನೌಕರನ ಸೋಗು ಹಾಕಿ ಹೆಲ್ಪ್ ಡೆಸ್ಕ್‌ಗೆ ಫೋನ್ ಮಾಡುವುದು, ಪಾಸ್‌ವರ್ಡ್ ಬದಲಿಸಿಕೊಡಿ, ಟೋಕನ್ ಹೊಸ ಫೋನಿಗೆ ಹಾಕಿಕೊಡಿ ಅನ್ನುವುದು. ಲೆಕ್ಕ ಒಡೆಯುವ ಗೋಜೇ ಇಲ್ಲ.

ನಮ್ಮ ಸಣ್ಣ ಆಫೀಸಿನಲ್ಲಿ ಎಲ್ಲರ ದನಿ ಗೊತ್ತು ಅನ್ನುತ್ತೀರಿ. ದನಿ ನಂಬುವ ಕಾಲ ಈಗ ಇಲ್ಲ. ಕರೆ ಬಂದ ನಂಬರ್‌ಗೆ ಉತ್ತರ ಕೊಡಬೇಡಿ. ಎಚ್‌ಆರ್ ಪುಸ್ತಕದಲ್ಲಿರುವ ನಂಬರ್‌ಗೆ ನೀವೇ ತಿರುಗಿ ಮಾಡಿ. ಅವರ ಮೇಲಿನವರಿಗೆ ಒಂದು ಮಾತು ಕೇಳಿ. ಊರಲ್ಲೇ ಇದ್ದರಂತೂ ಚಿಗರಿ ಬಸ್ ಹತ್ತಿ ಆಫೀಸಿಗೆ ಬನ್ನಿ ಅನ್ನಿ. ಎಂಡಿ ಸಾಹೇಬರೇ ಫೋನ್ ಮಾಡಿ ಅವಸರ ಮಾಡಿದರೂ ಇದೇ ನಿಯಮ. ಇದನ್ನು ಅವರ ಕೈಯಿಂದಲೇ ಮೊದಲೇ ಸಹಿ ಹಾಕಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ರಾತ್ರಿ ಹತ್ತಕ್ಕೆ ಅವರ ಹೆಸರಲ್ಲಿ ಕರೆ ಬಂದಾಗ ಪಾಪ ಆ ಹೆಲ್ಪ್ ಡೆಸ್ಕ್ ಹುಡುಗಿ ಏನು ಮಾಡಬೇಕು?

ಗೂಗಲ್ ಅಥೆಂಟಿಕೇಟರ್‌ನಲ್ಲಿ 2023ರ ಏಪ್ರಿಲ್‌ನಿಂದ ಸೀಡ್‌ಗಳನ್ನು ಗೂಗಲ್ ಖಾತೆಗೆ ಸಿಂಕ್ ಮಾಡುವ, ಅಂದರೆ ಅಲ್ಲೂ ಒಂದು ಪ್ರತಿ ಇಡುವ, ಸೌಲಭ್ಯ ಇದೆ. ಹೊಸ ಫೋನಿನ ತಲೆನೋವು ಅರ್ಧ ಕಡಿಮೆ. ಆದರೆ ಸಿಂಕ್ ಮಾಡಿದರೆ ಕಂಪನಿಯ ಸೀಡ್ ನೌಕರನ ಸ್ವಂತ ಜಿಮೇಲ್ ಹಿಂದೆ ಇರುತ್ತದೆ. ಬ್ಯಾಂಕ್ ಪಾವತಿ ಮಾಡುವವರಿಗೆ, ಸರ್ವರ್ ಅಡ್ಮಿನ್‌ಗಳಿಗೆ ಸಿಂಕ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಉಳಿದವರಿಗೆ ನೀವೇ ತೂಗಿ ನೋಡಿ.

ಪುಶ್ ಬಗ್ಗೆ ಒಬ್ಬರು ಚೀಟಿ ಕಳಿಸಿದ್ದಾರೆ. ಕೋಡ್ ಹೊಡೆಯುವ ಬದಲು ಫೋನಿನಲ್ಲಿ 'ಅಪ್ರೂವ್' ಒತ್ತಿದರೆ ಸುಲಭ ಅಲ್ವಾ ಅಂತ. ಸುಲಭವೇ. 2022ರ ಸೆಪ್ಟೆಂಬರ್‌ನಲ್ಲಿ ಊಬರ್‌ಗೆ ಆದದ್ದು ನೋಡಿ. ಒಬ್ಬ ಗುತ್ತಿಗೆ ನೌಕರನ ಪಾಸ್‌ವರ್ಡ್ ಕಳ್ಳರಿಗೆ ಸಿಕ್ಕಿತ್ತು. ಅವರು ಮತ್ತೆ ಮತ್ತೆ ಲಾಗಿನ್ ಮಾಡುತ್ತಲೇ ಹೋದರು, ಅವನ ಫೋನಿಗೆ ಮತ್ತೆ ಮತ್ತೆ ಅಪ್ರೂವ್ ಕೇಳುತ್ತಲೇ ಹೋಯಿತು. ಕೊನೆಗೆ ಒಂದಕ್ಕೆ ಅವನು ಒತ್ತಿಬಿಟ್ಟ. ಇದಾದಮೇಲೆ ಪರದೆ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಬರೆಯುವ ನಂಬರ್ ಮ್ಯಾಚಿಂಗ್ ಎಲ್ಲರ ಬಾಯಲ್ಲಿ ಬಂತು. ಮೈಕ್ರೋಸಾಫ್ಟ್ 2023ರ ಮೇಯಿಂದ ಅದನ್ನು ಕಡ್ಡಾಯ ಮಾಡಿತು. ಪುಶ್ ಇಡುವುದಾದರೆ ಅದರ ಜೊತೆಗೇ ಇಡಿ.

ಹಾಗಂತ ಆರಂಕಿಯ ಕೋಡ್ ಎಲ್ಲವನ್ನೂ ತಡೆಯುವುದಿಲ್ಲ. ಕಳ್ಳನೊಬ್ಬ ನಿಮ್ಮ ವಿಪಿಎನ್ ಪುಟದ ನಕಲು ಪುಟ ಮಾಡಿ, ನೀವು ಹಾಕಿದ ಪಾಸ್‌ವರ್ಡ್ ಮತ್ತು ಕೋಡನ್ನು ಆ ಕ್ಷಣದಲ್ಲೇ ಅಸಲಿ ಪುಟಕ್ಕೆ ಹಾಕಿದರೆ ಅವನು ಒಳಗೆ ಬಂದ. ಮೂವತ್ತು ಸೆಕೆಂಡ್ ಒಂದು ಪ್ರೋಗ್ರಾಮ್‌ಗೆ ಬೇಕಾದಷ್ಟಾಯಿತು. ಇದಕ್ಕೆ ಕಂಪ್ಯೂಟರ್‌ಗೆ ಚುಚ್ಚುವಂಥ ಫಿಡೋ2 ಕೀಲಿ ಅಥವಾ ಫೋನಿನಲ್ಲೇ ಇರುವ ಪಾಸ್‌ಕೀ ಬೇಕು, ಅವು ವೆಬ್‌ಸೈಟಿನ ವಿಳಾಸಕ್ಕೇ ಕಟ್ಟಿಕೊಂಡಿರುತ್ತವೆ. ಅಡ್ಮಿನ್‌ಗಳಿಗೆ ಈಗಲೇ ಕೊಡಿಸಿ. ಎಲ್ಲರಿಗೂ ಒಮ್ಮೆಲೇ ಆಗದಿದ್ದರೆ ಟಿಒಟಿಪಿಯಿಂದಲಾದರೂ ಶುರು ಮಾಡಿ.

ಯಾವಾಗ ಶುರು ಮಾಡಬೇಕು? ತಿಂಗಳು ತಿಂಗಳು ಜಿಎಸ್‌ಟಿ ರಿಟರ್ನ್ ಹಾಕುವವರಿಗೆ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ಹೊತ್ತಿನಲ್ಲಿ ಅಕೌಂಟ್ಸ್‌ನವರನ್ನು ಮುಟ್ಟಬೇಡಿ, ಸಂಬಳದ ವಾರದಲ್ಲೂ ಬೇಡ. 21ರ ನಂತರದ ನಾಲ್ಕೈದು ದಿನ ಒಳ್ಳೆಯದು. ಮೊದಲು ಐಟಿಯವರು, ಆಮೇಲೆ ಪ್ರತಿ ವಿಭಾಗದಿಂದ ಒಬ್ಬರು. ಆ ಒಬ್ಬರು ತಂತ್ರಜ್ಞಾನ ಗೊತ್ತಿದ್ದವರಲ್ಲ, ಗೊತ್ತಿಲ್ಲ ಅಂತ ಧೈರ್ಯವಾಗಿ ಹೇಳುವವರಾಗಿರಬೇಕು. ಅವರಿಂದಲೇ ನಿಮ್ಮ ಸೂಚನಾ ಹಾಳೆಯಲ್ಲಿ ಏನು ಬಿಟ್ಟಿದೆ ಗೊತ್ತಾಗುವುದು. ಹಾಳೆ ಕನ್ನಡದಲ್ಲಿರಲಿ, ಪರದೆಯ ಚಿತ್ರಗಳೊಂದಿಗೆ. ಚಿತ್ರಕ್ಕೆ ಅಸಲಿ ಕ್ಯೂಆರ್ ಹಾಕಬೇಡಿ ಅಂತ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ, ಆದರೂ ಹೇಳುತ್ತೇನೆ.

ಟೋಕನ್ ಸರ್ವರ್ ಬಿದ್ದರೆ ಎಲ್ಲರೂ ಹೊರಗೆ, ನೀವೂ ಹೊರಗೆ. ಅದಕ್ಕೊಂದು ತುರ್ತು ಖಾತೆ ಬೇಕು. ಉದ್ದನೆಯ ಪಾಸ್‌ವರ್ಡ್ ಬರೆದು, ಲಕೋಟೆ ಮುಚ್ಚಿ, ಮಾಲೀಕರ ತಿಜೋರಿಯಲ್ಲಿಡಿ. ಅದು ಇಂಟರ್‌ನೆಟ್‌ನಿಂದ ನಡೆಯಬಾರದು, ಆಫೀಸಿನ ಒಳಗಿನಿಂದ ಮಾತ್ರ. ಬಳಸಿದ ಕೂಡಲೇ ನಾಲ್ಕು ಜನಕ್ಕೆ ಮೆಸೇಜ್ ಹೋಗಲಿ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡು ಮುಖ್ಯವಾದವು. ಒಬ್ಬ ಮೇಡಂ ಕೇಳಿದರು: "ಫೋನ್ ನನ್ನ ಸ್ವಂತದ್ದು. ಕಂಪನಿ ಆ್ಯಪ್ ನಾನ್ಯಾಕೆ ಹಾಕಿಕೊಳ್ಳಬೇಕು? ನನ್ನ ಫೋಟೋ ನೋಡ್ತಾರೇನು?" ನ್ಯಾಯವಾದ ಪ್ರಶ್ನೆ. ಬರೀ ಕೋಡ್ ತೋರಿಸುವ ಟಿಒಟಿಪಿ ಆ್ಯಪ್‌ನಿಂದ ಕಂಪನಿಗೆ ನಿಮ್ಮ ಫೋಟೋ, ಮೆಸೇಜ್, ಓಡಾಟ ಏನೂ ಕಾಣುವುದಿಲ್ಲ. ಕಂಪನಿ ಇಡೀ ಫೋನನ್ನು ನಿರ್ವಹಿಸುವ ಎಂಡಿಎಂ ಹಾಕಿಸಿದರೆ ಅದು ಬೇರೆ ಕಥೆ, ಆಗ ಲಿಖಿತವಾಗಿ ಕೇಳಿ. ಮಾಲೀಕರಿಗೆ ನನ್ನ ಮಾತು, ಒಲ್ಲೆ ಅನ್ನುವವರಿಗೆ ಒತ್ತಾಯ ಬೇಡ. ಅಂಥವರಿಗೆ, ಫೋನ್ ಒಯ್ಯಬಾರದ ಶಾಪ್ ಫ್ಲೋರ್‌ನವರಿಗೆ, ಬಟನ್ ಫೋನ್ ಇಟ್ಟವರಿಗೆ ಕೆಲವು ಡಬ್ಬಿ ಟೋಕನ್ ತಂದಿಡಿ. ಟಿಒಟಿಪಿಯ ಡಬ್ಬಿಗಳೂ ಸಿಗುತ್ತವೆ, ಅದೇ ಸರ್ವರ್‌ನಲ್ಲಿ ನಡೆಯುತ್ತವೆ.

ಇನ್ನೊಬ್ಬರದ್ದು ಹನ್ನೆರಡು ಜನರ ಕಂಪನಿ. ಇಷ್ಟಕ್ಕೆ ರೇಡಿಯಸ್, ಟೋಕನ್ ಸರ್ವರ್ ಎಲ್ಲ ಬೇಕಾ ಅಂದರು. ಬೇಡ. ಈಗಿನ ಎಷ್ಟೋ ಫೈರ್‌ವಾಲ್‌ಗಳ ಒಳಗೇ ಟಿಒಟಿಪಿ ಇರುತ್ತದೆ, ಮೆನುವಿನಲ್ಲಿ ಆನ್ ಮಾಡಿದರೆ ಸಾಕು. ಆದರೆ ಆಗ ಎಲ್ಲರ ಸೀಡ್‌ಗಳೂ ಆ ಫೈರ್‌ವಾಲ್‌ನ ಕಾನ್ಫಿಗ್ ಬ್ಯಾಕಪ್ ಫೈಲ್‌ನಲ್ಲಿ ಸೇರಿರುತ್ತವೆ. ಆ ಫೈಲನ್ನು ಸರ್ವಿಸ್‌ನವರಿಗೆ ಪೆನ್‌ಡ್ರೈವ್‌ನಲ್ಲಿ ಕೊಡಬೇಡಿ, ಡೆಸ್ಕ್‌ಟಾಪ್ ಮೇಲೆ ಬಿಡಬೇಡಿ. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡಿ ಇಡಿ. ಹಳೆಯ ಫೈರ್‌ವಾಲ್ ಮಾರುವಾಗ, ಎಕ್ಸ್‌ಚೇಂಜ್‌ಗೆ ಕೊಡುವಾಗ ಫ್ಯಾಕ್ಟರಿ ರೀಸೆಟ್ ಮಾಡಿ, ಹೊಸದರಲ್ಲಿ ಎಲ್ಲರಿಗೂ ಹೊಸ ಕ್ಯೂಆರ್ ತೆಗೆದುಕೊಡಿ. ಹನ್ನೆರಡು ಜನ ತಾನೇ, ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ.